ನಮ್ಮನೆ ಕೋಳಿಯ ಲಿವರ್

ವಿಷ್ಣುಮೂರ್ತಿ ಸರ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು, "ಇದು ಊರ ಕೋಳಿಯಾ? ನಿಜವಾಗ್ಲೂ?" ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ನಮ್ಮನೆ ಅಂಗಳದ್ದೇ ಸರ್. ನಾನೇ ಹಿಡಿದು, ನಾನೇ ಕೊಯ್ದು ತಂದದ್ದು."

"ಹಾಗಾದ್ರೆ ಬಾಟ್ಲಿ ಅದಲು ಬದಲಾಗಿದೆ."

ಬಾಟಲಿ ಅದಲು ಬದಲಾಗಿರಲಿಲ್ಲ. ಗುಲ್ವಾಡಿಯ ತೆಂಗಿನಕಾಯಿ ವ್ಯಾಪಾರಿ ಚಂದ್ರಣ್ಣನ ಹಿರಿ ಮಗಳು ಚೇತನಾಳಿಗೆ, ಅಂದರೆ ನನಗೆ, ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಊರು ಹೇಳುತ್ತದೆ. ಹೇಳಿಕೊಳ್ಳಲಿ. ಆದರೆ ಬಾಟಲಿಗೆ ಚೀಟಿ ಅಂಟಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ನಾನು ಬ್ರಹ್ಮಾವರದಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಸಂಶೋಧನೆ ಮಾಡುತ್ತಿದ್ದೆ. ಬೂಸ್ಟು ಹಿಡಿದ ನೆಲಗಡಲೆ ಹಿಂಡಿ ತಿಂದ ಫಾರಂ ಕೋಳಿಗಳ ಲಿವರಿನ ಒಳಗೆ ಏನೇನು ಕೆಡುತ್ತದೆ ಎನ್ನುವುದು ನನ್ನ ವಿಷಯ. ಕೆಟ್ಟದ್ದು ಎಷ್ಟು ಎಂದು ಹೇಳಬೇಕಾದರೆ ಕೆಡದೇ ಇರುವುದು ಹೇಗಿರುತ್ತದೆ ಎಂದು ಮೊದಲು ತೋರಿಸಬೇಕಲ್ಲ. ಅದಕ್ಕೆ ಯಾವ ಮದ್ದೂ ಮುಟ್ಟದ ಊರ ಕೋಳಿ ಬೇಕಿತ್ತು. "ನಮ್ಮನೆಯಲ್ಲಿ ಇವೆ ಸರ್, ಭತ್ತ ಮತ್ತು ಹುಳ ಬಿಟ್ಟರೆ ಬೇರೇನೂ ತಿನ್ನದವು" ಎಂದು ನಾನೇ ಎದೆ ತಟ್ಟಿ ಹೇಳಿದ್ದೆ.

ವಿಷ್ಣುಮೂರ್ತಿ ಸರ್ ನನ್ನ ಗೈಡ್. ಸಾಲಿಗ್ರಾಮದವರು. ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ, ಆದರೆ ಕೋಳಿಯ ಲಿವರಿನ ಒಳಗೆ ಅವರಷ್ಟು ಓಡಾಡಿದವರು ಜಿಲ್ಲೆಯಲ್ಲೇ ಇನ್ನೊಬ್ಬರಿರಲಿಲ್ಲ. ಕೆಲಸದ ರೀತಿ ಹೀಗೆ: ಲಿವರನ್ನು ಸಾಸಿವೆ ಕಾಳಿನಷ್ಟು ಸಣ್ಣ ತುಂಡು ಮಾಡಿ, ಕೊಳೆಯದಂತೆ ಮದ್ದಿನ ನೀರಿನಲ್ಲಿ ತಣ್ಣಗಿಟ್ಟು ತರಬೇಕು. ಆಮೇಲೆ ಸೀಸದ ಉಪ್ಪಿನಲ್ಲಿ ನೆನೆಸಬೇಕು. ಕೋಶದೊಳಗೆ ಪೊರೆಗಳಿರುತ್ತವೆ, ಪೊರೆಗಳಿಗೆ ಅಂಟಿಕೊಂಡು ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ. ಎಲ್ಲಿ ಕಿಣ್ವದ ಕೆಲಸ ನಡೆಯುತ್ತದೋ ಅಲ್ಲಿ ಸೀಸ ಕಪ್ಪು ಚುಕ್ಕಿಯಾಗಿ ಕೂರುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಚುಕ್ಕಿಗಳು ಪೊರೆಯುದ್ದಕ್ಕೂ ಸಾಲಾಗಿ ಕಾಣುತ್ತವೆ. ಆರೋಗ್ಯದ ಕೋಳಿಯಲ್ಲಿ ಪೊರೆಗಳು ಮಡಿಸಿಟ್ಟ ನೀರುದೋಸೆಯ ಹಾಗೆ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಇರುತ್ತವೆ. ನಮ್ಮನೆ ಕೋಳಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ನುಣುಪು ಪೊರೆಗಳು ಕೋಶದ ತುಂಬ ಹಬ್ಬಿಕೊಂಡಿದ್ದವು.

ನಾನು ಇನ್ನೊಂದು ಸಲ ಮನೆಗೆ ಹೋಗಿ ಇನ್ನೊಂದು ಕೋಳಿಯ ಲಿವರ್ ತಂದೆ. ಅದರಲ್ಲೂ ಹಾಗೇ. ಹಟ ಹಿಡಿದು, ನೀರಿನ ತೋಡಿನ ಆಚೆ ಇರುವ ಕುಷ್ಟ ಎನ್ನುವವನ ಮನೆಯಿಂದ ಒಂದು ಕೋಳಿ ಕೊಂಡು ಅದರದ್ದೂ ಮಾಡಿದೆ. ಕುಷ್ಟನ ಕೋಳಿ ಪುಸ್ತಕದಲ್ಲಿ ಬರೆದಂತೆ ಅಚ್ಚುಕಟ್ಟಾಗಿತ್ತು. ಮೂರೂ ಫೋಟೋ ಮೇಜಿನ ಮೇಲೆ ಹರಡಿದಾಗ ಸರ್ ಕನ್ನಡಕ ತೆಗೆದರು.

"ತಪ್ಪು ನಿನ್ನ ಕೈಯದ್ದಲ್ಲ ಮಾರಾಯ್ತಿ. ಲಿವರಿಗೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ. ಪೊರೆ ಹೀಗೆ ಬೆಳೀಬೇಕಾದ್ರೆ ದಿನಾ ಎಂಥದ್ದೋ ಒಂದು ಹೊಟ್ಟೆಗೆ ಹೋಗ್ತಿರ್ಬೇಕು. ಗದ್ದೆಗೆ ಹೊಡಿಯೂ ವಿಷ, ಇಲ್ಲಾ ಶರಾಬು, ಇಲ್ಲಾ ಫಿಟ್ಸಿಗೆ ಕೊಡೂ ಮಾತ್ರೆ. ಅದನ್ನ ಅರಗಿಸ್ಲಿಕ್ಕೆ ಲಿವರ್ ಮನೆ ಮೇಲೆ ಮನೆ ಕಟ್ತದೆ. ಹೋಗಿ ನೋಡಿಕೊಂಡು ಬಾ."

ಮೂರನೆಯದನ್ನು ಅವರು ಲೆಕ್ಕ ಭರ್ತಿಗೆ ಹೇಳಿದ್ದು. ನಾನು ಕುರ್ಚಿ ಹಿಂದೆ ತಳ್ಳಿ ಎದ್ದುಬಿಟ್ಟೆ.

ನನ್ನ ತಂಗಿ ದೀಕ್ಷಾಳಿಗೆ ಹೈಸ್ಕೂಲಿಗೆ ಹೋಗುವಾಗಿನಿಂದ ಫಿಟ್ಸ್. ಕುಂದಾಪುರದ ಡಾಕ್ಟರು ಕೊಟ್ಟ ಮಾತ್ರೆಯನ್ನು ಸಂಜೆ ಎರಡರಂತೆ ವರ್ಷಗಟ್ಟಲೆ ತಿಂದು, ಆ ಮಾತ್ರೆಯ ದೆಸೆಯಿಂದಲೇ ಫಿಟ್ಸ್ ಬಾರದೆ ಎಷ್ಟೋ ಕಾಲವಾಗಿತ್ತು. ಈಗ ಬೈಂದೂರಿನ ರವಿಚಂದ್ರ ಎನ್ನುವವನ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಅವಳ ಮಾತ್ರೆ ಕೋಳಿಯ ಹೊಟ್ಟೆಯಲ್ಲಿ ಇದ್ದರೆ ಅವಳ ಹೊಟ್ಟೆಯಲ್ಲಿ ಇಲ್ಲ ಎಂದೇ ಅರ್ಥ. ಅಂಥ ಮಾತ್ರೆಯನ್ನು ಒಮ್ಮೆಲೇ ಬಿಟ್ಟವರಿಗೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರುತ್ತದೆ. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ಇಳಿದರೆ ಹೊಳೆ. ದೀಕ್ಷಾ ಬಟ್ಟೆ ಒಗೆಯುವುದು ಅಲ್ಲೇ.

ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ. ಸೀಟು ಇದ್ದರೂ ನಿಂತೇ ಬಂದೆ. ಕೋಟ ದಾಟುವಾಗ ಗದ್ದೆಯ ವಿಷವೇ ಇರಲಿ ದೇವರೇ ಎಂದು ಬೇಡಿಕೊಂಡೆ. ತೆಕ್ಕಟ್ಟೆಯಲ್ಲಿ ಬಸ್ಸು ಸುಮ್ಮನೆ ನಿಂತಾಗ, ಅಪ್ಪಯ್ಯ ಕದ್ದು ಶರಾಬು ಕುಡಿದು ಉಳಿದದ್ದನ್ನು ಕೋಳಿಗೆ ಹಾಕುತ್ತಿದ್ದರೂ ಪರವಾಗಿಲ್ಲ ಎನ್ನುವಲ್ಲಿಗೆ ಬಂದಿದ್ದೆ. ಕಂಡಕ್ಟರ್ ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೂ ಹರಿಹಾಯ್ದೆ.

ಮನೆಗೆ ಬಂದಾಗ ಅಪ್ಪಯ್ಯ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಅಪ್ಪಯ್ಯ, ಗದ್ದಿಗೆ ಎಂತಾರೂ ಮದ್ದ್ ಹೊಡ್ದಿದ್ರ್ಯಾ?"

"ನಾನಾ? ಹಟ್ಟಿ ಗೊಬ್ಬರ ಬಿಟ್ರೆ ನಮ್ಮ ಗದ್ದಿಗೆ ಬೇರೆಂತ ಹಾಕಿದ್ ನೀ ಕಂಡಿದ್ಯಾ?"

"ಹಾಂಗಾರೆ ಶರಾಬ್?"

ಅಪ್ಪಯ್ಯ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು. "ಓದ್ಸಿದ್ ಹೆಚ್ಚಾಯ್ತ್ ನಿಂಗೆ" ಎಂದು ಹೇಳಿ, ಮತ್ತೆ ನನ್ನ ಕಡೆ ನೋಡಲಿಲ್ಲ.

ಕೋಳಿಗಳು ಮಾವಿನ ಮರದ ಬುಡದಲ್ಲಿದ್ದವು. ಹಾಡಹಗಲಲ್ಲಿ ಕಣ್ಣು ಮುಚ್ಚಿ ಕೂತು ತೂಕಡಿಸುತ್ತಿದ್ದವು. ನಾನು ಹತ್ತಿರ ಹೋದರೂ ಹುಂಜ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಹಿಂದಿನ ಎರಡು ಸಲ ಬಂದಾಗಲೂ ಕೋಳಿ ಹಿಡಿಯುವುದು ಇಷ್ಟು ಸುಲಭವಾಯಿತಲ್ಲ ಎಂದು ಖುಷಿಪಟ್ಟು ಹೋಗಿದ್ದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟವಳಿಗೆ ಅಂಗಳದ ಕೋಳಿ ಕಾಣಲಿಲ್ಲ.

ದೀಕ್ಷಾ ಕಾಫಿ ತಂದಳು. ಮುಖ ಲಕಲಕ ಅನ್ನುತ್ತಿತ್ತು. ಧಾರೆ ಸೀರೆಯ ಬಣ್ಣದ ಬಗ್ಗೆ ಹೇಳುತ್ತಾ ಹೇಳುತ್ತಾ ನಡುವೆ ಮಾತು ನಿಲ್ಲಿಸಿದಳು. ಕಣ್ಣು ನನ್ನನ್ನೇ ನೋಡುತ್ತಿತ್ತು, ಆದರೆ ಕಣ್ಣಿನ ಹಿಂದೆ ಅವಳಿರಲಿಲ್ಲ. ಕೈ ಒಮ್ಮೆ ಹಾರಿತು. ಲೋಟ ನೆಲಕ್ಕೆ ಬಿದ್ದು ಉರುಳಿತು. ಮತ್ತೆ ಅವಳು ಏನೂ ಆಗದಂತೆ, "ಹಸ್ರಂಚಿದ್ ಅಕ್ಕ, ಕೆಂಪಂಚಿದಲ್ಲ" ಎಂದು ಮಾತು ಮುಂದುವರಿಸಿ, ಲೋಟ ಯಾಕೆ ಬಿತ್ತು ಎಂದು ನನ್ನನ್ನೇ ಕೇಳಿದಳು.

"ನಿದ್ರಿ ಕಮ್ಮಿ ಆಯ್ತ್ ಅವ್ಳಿಗೆ" ಎಂದು ಅಮ್ಮ ಒಳಗಿನಿಂದ ಹೇಳಿದರು.

ಹೊತ್ತು ಇಳಿಯುವಾಗ ಕೋಳಿಗಳನ್ನು ಗೂಡಿಗೆ ಕೂಡುವ ಸಮಯಕ್ಕೆ ನಾನು ಹಿತ್ತಿಲ ಬಾಗಿಲಲ್ಲಿ ಕಾದು ನಿಂತೆ. ಅಮ್ಮ ಗೆರಟೆಯಲ್ಲಿ ಅನ್ನ ತಂದರು. ಸೆರಗಿನ ಗಂಟು ಬಿಚ್ಚಿ ಎರಡು ಬಿಳಿ ಮಾತ್ರೆ ತೆಗೆದು, ಮೆಟ್ಟಿಲ ಕಲ್ಲಿನ ಮೇಲಿಟ್ಟು, ಚೊಂಬಿನ ಬುಡದಿಂದ ಪುಡಿ ಮಾಡಿದರು. ಅನ್ನಕ್ಕೆ ಕಲಸಿ, ಒಂದು ಕರಿ ಹೇಂಟೆಯನ್ನು ಹೆಸರು ಹಿಡಿದು ಕರೆದರು. ಅದು ತಿನ್ನುವಾಗ ಬಾಕಿ ಕೋಳಿಗಳೂ ನುಗ್ಗಿ ಕುಕ್ಕಿದವು.

"ಅಮ್ಮಾ! ಎಂತ ಮಾಡ್ತಾ ಇದ್ದೆ ನೀನ್?"

"ಬೊಬ್ಬಿ ಹೊಡಿಬ್ಯಾಡ ಹೆಣೆ, ಕೋಳಿ ಹೆದರ್ತ್."

"ಅದ್ ದೀಕ್ಷಾನ ಮಾತ್ರಿ ಅಲ್ದಾ?"

"ಅಲ್ಲ. ಕಾಯ್ಲಿ ಈಗ ಅವ್ಳತ್ರ ಇಲ್ಲೆ. ಇದ್ರತ್ರ ಇತ್ತ್." ಕಾಯಿಲೆ ಈಗ ಇರುವುದು ಇಲ್ಲಿ ಎಂಬಂತೆ ಅಮ್ಮ ಕರಿ ಹೇಂಟೆಯನ್ನು ತೋರಿಸಿದರು.

ನನ್ನ ಅಮ್ಮ ಸುಗುಣ ಮೂರ್ಖಳಲ್ಲ. ಹೇಳಿದ್ದೆಲ್ಲ ಕೇಳಿಸಿಕೊಂಡ ಮೇಲೆ ನನಗೆ ಸಂಕಟವಾದದ್ದೇ ಅದಕ್ಕೆ. ದೀಪಾವಳಿ ಕಳೆದ ಮೇಲೆ, ಮದುವೆಯ ಮಾತು ಗಟ್ಟಿಯಾದಾಗ, ಪಕ್ಕದ ಮನೆಯ ಅಕ್ಕು ಅಜ್ಜಿ ಬಂದು ಕರಿ ಹೇಂಟೆಯನ್ನು ದೀಕ್ಷಾಳ ತಲೆಗೆ ನಿವಾಳಿಸಿ ಅಂಗಳಕ್ಕೆ ಬಿಟ್ಟಿದ್ದರು. ಕಾಯಿಲೆ ಕೋಳಿಗೆ ಹೋಯಿತು. ಆ ಕೋಳಿಯನ್ನು ಕೊಲ್ಲುವಂತಿಲ್ಲ, ಮಾರುವಂತಿಲ್ಲ. ಅದು ಸತ್ತರೆ ಕಾಯಿಲೆ ತಿರುಗಿ ಬರುತ್ತದೆ. ದೀಕ್ಷಾ ಮಾತ್ರೆ ತಿನ್ನಲೂಬಾರದು. ತಿಂದರೆ ಕಾಯಿಲೆಗೆ ತನ್ನ ಹಳೆ ಮನೆ ನೆನಪಾಗುತ್ತದಂತೆ. ಇಷ್ಟು ಅಕ್ಕು ಅಜ್ಜಿಯ ಕಟ್ಟಳೆ. ಮುಂದಿನದನ್ನು ಅಮ್ಮ ಸ್ವಂತ ಬುದ್ಧಿಯಿಂದ ಸೇರಿಸಿದ್ದರು.

"ಮಾತ್ರಿ ಮೇಲೆ ನಂಗೆ ನಂಬ್ಕಿ ಇಲ್ದೆ ಅಲ್ಲ ಮಗಾ. ನಂಬ್ಕಿ ಇಪ್ಪುದ್ಕೇ ಕೋಳಿಗೆ ಕೊಡುದ್. ಕಾಯ್ಲಿ ಎಲ್ಲ್ ಇತ್ತೋ ಮಾತ್ರಿ ಅಲ್ಲಿಗೆ. ಕೋಳಿಗೆ ಫಿಟ್ಸ್ ಬಂದ್ ಸತ್ರೆ ಅದ್ ತಿರ್ಗಿ ಎಲ್ಲಿಗ್ ಬಪ್ಪುದ್? ಇವ್ಳಿಗೇ ಅಲ್ದಾ?"

"ಬೈಂದೂರಿನವ್ರಿಗೆ ಎಂತ ಹೇಳ್ತೆ?"

"ಇದ್ರೆ ಹೇಳ್ಕ್. ಇಲ್ದಿದ್ದನ್ನ ಎಂತಕ್ಕೆ ಹೇಳುದ್? ಸುಳ್ಳ್ ಹೇಳಿ ಹೆಣ್ಣ್ ಕೊಡುಕೆ ನನ್ನಿಂದ ಆತಿಲ್ಲೆ ಅಂದ್ಹೇಳಿಯೇ ಇಷ್ಟೆಲ್ಲ ಮಾಡದ್."

ನಾನು ಚೀಲದಿಂದ ಫೋಟೋ ತೆಗೆದು ಜಗಲಿಯ ಬೆಳಕಿನಲ್ಲಿ ಹರಡಿದೆ. ಕುಷ್ಟನ ಕೋಳಿ ಒಂದು ಬದಿಗೆ, ನಮ್ಮವು ಎರಡು ಇನ್ನೊಂದು ಬದಿಗೆ. ಅಮ್ಮ ಬಗ್ಗಿ ನೋಡಿದರು.

"ಇದೆಂತ, ಹೂಡಿದ್ ಗದ್ದಿಯಾ?"

"ಕೋಳಿ ಲಿವರ್ ಅಮ್ಮ. ಒಂದ್ ಕೋಶದ ಒಳಗಿಂದ್. ಕುಷ್ಟನ ಕೋಳಿದ್ ಕಾಣ್, ಎಷ್ಟ್ ಚೊಕ್ಕ ಇತ್ತ್. ನಮ್ದ್ ಕಾಣ್. ಈ ಗೆರಿ, ಈ ಕಪ್ಪ್ ಚುಕ್ಕಿ ಎಲ್ಲ ಮಾತ್ರಿಯಿಂದ ಆದ್. ಅವ್ಳ್ ಹೊಟ್ಟಿಗೆ ಹೋಯ್ಕಾದ್ ಮಾತ್ರಿ ಇಲ್ಲ್ ಕೂತಿತ್ತ್."

ಅಮ್ಮ ಒಂದೊಂದೇ ಫೋಟೋವನ್ನು ಎತ್ತಿ ನೋಡಿದರು. ಮುಖ ಅರಳಿತು. "ಕಂಡ್ಯಾ! ಕುಷ್ಟನ ಕೋಳಿಗೆ ಕಾಯ್ಲಿ ಇಲ್ಲೆ, ಚೊಕ್ಕ ಇತ್ತ್. ನಮ್ಮ ಕೋಳಿ ಒಳಗೆ ಹೊಕ್ಕ್ ಕೂತಿತ್ತ್. ನಿನ್ನ ಮಿಶಿನೂ ಅಕ್ಕು ಅಜ್ಜಿ ಹೇಳ್ದಂಗೇ ಹೇಳ್ತಲೆ!"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ತಂದ ಸಾಕ್ಷಿ ನನ್ನ ಕಡೆಯೇ ಇರಲಿಲ್ಲ. ಅಮ್ಮ ಆ ಫೋಟೋವನ್ನು ಅಕ್ಕು ಅಜ್ಜಿಗೆ ತೋರಿಸಲು ಕೇಳಿದರು. ಕೊಡುವುದಿಲ್ಲ ಎಂದು ಕಿತ್ತುಕೊಂಡೆ. ಕೂಗಾಡಿದೆ, ಅತ್ತೆ, ಡಾಕ್ಟರ ಹತ್ತಿರ ಹೋಗೋಣ ಎಂದು ಕೈ ಹಿಡಿದು ಎಳೆದೆ. "ಮದಿ ಹೊತ್ತಿಗೆ ಹೆಣ್ಣನ್ನ ಡಾಕ್ಟ್ರ್ ಬಾಗ್ಲಲ್ಲಿ ನಿಲ್ಸಿ ಊರಿಗೆಲ್ಲ ಸಾರುದಾ?" ಎಂದು ಅಮ್ಮ ಕೈ ಬಿಡಿಸಿಕೊಂಡರು. ಅಪ್ಪಯ್ಯನನ್ನು ಕೇಳಿದರೆ, "ಅದೆಲ್ಲ ನಿನ್ನ ಅಮ್ಮಂದ್" ಎಂದು ಎದ್ದು ಹೋದರು. ಶರಾಬಿನ ಮಾತು ಅವರಿಗಿನ್ನೂ ಇಳಿದಿರಲಿಲ್ಲ.

ಬೆಳಿಗ್ಗೆ ದೀಕ್ಷಾ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹೊಳೆಗೆ ಹೊರಟಾಗ ನಾನೂ ಹಿಂದೆ ಬಿದ್ದೆ. ಅವಳು ನೀರಿನ ಅಂಚಿನ ಕಲ್ಲಿನ ಮೇಲೆ ಕೂತಳು. ನಾನು ಅವಳ ಹಿಂದೆಯೇ ನಿಂತೆ. ಕೂರು ಎಂದಳು. ಕೂರಲಿಲ್ಲ.

"ನಿಂಗೆ ಗೊತ್ತಿತ್ತಾ, ಅಮ್ಮ ಮಾತ್ರಿ ಕೋಳಿಗೆ ಹಾಕುದ್?"

"ಗೊತ್ತಿತ್ತ್."

"ನಿಂಗೂ ಅದ್ರಲ್ಲಿ ನಂಬ್ಕಿಯಾ?"

ಅವಳು ಅಂಗಿಗೆ ಸೋಪು ಹಚ್ಚಿದಳು. "ನಂಬ್ಕಿಯೋ ಎಂತೋ. ಮಾತ್ರಿ ತಿಂಬತ್ತಿಗೆ ಯಾಗ್ಳೂ ಕಂಬ್ಳಿ ಹೊದ್ಕಂಡಂಗೆ ಆತಿತ್ತ್ ಅಕ್ಕ. ಯಾರ್ ಮಾತಾಡ್ರೂ ಗ್ವಾಡಿ ಆಚಿಂದ ಮಾತಾಡ್ದಂಗೆ. ಈಗ ಮಾವಿನ ಹೂವಿನ ವಾಸ್ನಿ ಸೈತ ಬತ್ತ್. ನಿಂಗೆ ಅದ್ ಗೊತ್ತಾತಿಲ್ಲೆ."

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳನ್ನು ನಾವೆಲ್ಲ ಸ್ವಲ್ಪ ಮಂದ ಎಂದುಕೊಂಡೇ ಬೆಳೆದಿದ್ದೆವು. ಅಂಗಳದ ಕೋಳಿಗಳು ತೂಕಡಿಸುತ್ತಿದ್ದದ್ದು ಕಣ್ಣೆದುರು ಬಂತು. ಆ ತೂಕಡಿಕೆಯನ್ನೆಲ್ಲ ಇಷ್ಟು ವರ್ಷ ನನ್ನ ತಂಗಿ ಹೊತ್ತಿದ್ದಳು.

"ಬೇರೆ ಮಾತ್ರಿ ಇತ್ತ್ ದೀಕ್ಷಾ. ಇಷ್ಟ್ ನಿದ್ರಿ ಬಾರದ್. ಡಾಕ್ಟ್ರತ್ರ ನಾನೇ ಕೇಂತೆ. ಅಲ್ಲಿವರಿಗೆ ಇದನ್ನ ತಿನ್ಕ್. ನೀನ್ ನಿನ್ನೆ ಲೋಟ ಬಿಟ್ಟದ್ ನಿಂಗೆ ನೆನಪಿತ್ತಾ?"

"ಇಲ್ಲೆ." ಅವಳ ಕೈ ನಿಂತಿತು. "ಅಮ್ಮ ಕೊಟ್ರೆ ತಿಂತೆ. ಕದ್ದ್ ತಿಂಬುದಿಲ್ಲೆ. ಕದ್ದ್ ತಿಂದ್ರೆ, ನಾಳೆ ಅಪ್ಪಯ್ಯಂಗೆ ಸೀತ ಆರೂ ಅಮ್ಮ ನನ್ನಿಂದ ಆಯ್ತ್ ಅಂತ್ರ್. ಕೋಳಿ ಇಪ್ಪಲ್ಲಿವರಿಗೆ ಅಮ್ಮ ಕೊಡುದಿಲ್ಲೆ, ಅದ್ ನಿಂಗೂ ಗೊ..."

ಮಾತು ಅರ್ಧಕ್ಕೆ ನಿಂತಿತು. ಅಂಗಿ ಅವಳ ಕೈಯಿಂದ ಜಾರಿ ನೀರಿನ ಮೇಲೆ ತೋಳು ಚಾಚಿಕೊಂಡು ಹೊರಟಿತು. ಅವಳು ಅದನ್ನು ನೋಡುತ್ತಲೂ ಇರಲಿಲ್ಲ. ಮೈ ನಿಧಾನಕ್ಕೆ ನೀರಿನ ಕಡೆಗೆ ವಾಲಿತು. ನಾನು ಎರಡೂ ಕೈಯಿಂದ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಕಲ್ಲಿನ ಮೇಲೆ ಕುಕ್ಕರಿಸಿ ಬಿದ್ದೆವು. "ಗೊತ್ತಿತ್ತ್" ಎಂದು ಅವಳು ಮಾತು ಮುಗಿಸಿ, ನನ್ನ ಮುಖ ನೋಡಿ, ಮತ್ತೆ ಖಾಲಿಯಾದ ತನ್ನ ಕೈ ನೋಡಿಕೊಂಡಳು.

"ಅಕ್ಕ, ಅಂಗಿ ಎಲ್ಲ್?"

ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳನ್ನು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಕೋಳಿ ಇರುವಲ್ಲಿಯವರೆಗೆ ಅಮ್ಮ ಕೊಡುವುದಿಲ್ಲ. ಫೋಟೋ ತೋರಿಸಿ ಸೋತವಳಿಗೆ ಉಳಿದದ್ದು ಅಮ್ಮನ ಲೆಕ್ಕವೊಂದೇ. ಅದರಲ್ಲಿ ಎಲ್ಲೂ ತಪ್ಪಿರಲಿಲ್ಲ. ಕಾಯಿಲೆ ಎಲ್ಲಿದೆಯೋ ಮಾತ್ರೆ ಅಲ್ಲಿಗೆ.

ಕರಿ ಹೇಂಟೆ ಮಾವಿನ ಬುಡದಲ್ಲಿತ್ತು. ಎತ್ತಿಕೊಂಡರೆ ಕೊಸರಲೂ ಇಲ್ಲ. ನನ್ನ ಕಂಕುಳಲ್ಲಿ ಬೆಚ್ಚಗೆ ಕೂತಿತು. ಅಮ್ಮ ಅಡುಗೆಮನೆಯ ಕಿಟಕಿಯಿಂದ ಕಂಡವರೇ ಓಡಿ ಬಂದರು, ಕೈಯಲ್ಲಿ ಸೌಟು ಹಾಗೇ ಇತ್ತು.

"ಬಿಡ್! ಹೆಣೆ, ಅದನ್ನ ಬಿಡ್! ಬೇರೆ ಯಾವ್ದಾರೂ ತಕಂಡ್ ಹೋಗ್!"

"ಅಮ್ಮ, ಕಾಯ್ಲಿ ಇದ್ರೊಳಗೆ ಇತ್ತ್ ಅಲ್ದಾ?"

"ಇತ್ತ್ ಮಗಾ. ಇತ್ತ್. ನಿನ್ನ ಕಾಲಿಗ್ ಬೀಳ್ತೆ, ಬಿಡ್."

ಅಮ್ಮನ ಬಾಯಿಂದ ಆ ಮಾತು ಕೇಳಿ ನನ್ನ ಕೈ ಸಡಿಲವಾಯಿತು. ದೀಕ್ಷಾ ಜಗಲಿಯ ಕಂಬ ಹಿಡಿದು ನಿಂತಿದ್ದಳು, ಲಂಗದ ಅಂಚಿನಿಂದ ಇನ್ನೂ ಹೊಳೆಯ ನೀರು ತೊಟ್ಟಿಕ್ಕುತ್ತಿತ್ತು. ನಾನು ಕೋಳಿಯ ಕುತ್ತಿಗೆ ಹಿಡಿದು ತಿರುವಿದೆ. ಲ್ಯಾಬಿಗೆಂದು ಎಷ್ಟೋ ಕೋಳಿಗಳಿಗೆ ಹೀಗೆ ಮಾಡಿದ್ದೆ. ಆದರೂ ಇದನ್ನು ಎರಡನೇ ಸಲ ತಿರುವಬೇಕಾಯಿತು. ರೆಕ್ಕೆ ನನ್ನ ಎದೆಗೆ ಪಟಪಟ ಬಡಿಯಿತು, ಆಮೇಲೆ ನಿಂತಿತು.

ಅಮ್ಮ ಕೂಗಲಿಲ್ಲ. ಸೌಟನ್ನು ಅಂಗಳದಲ್ಲಿ ಬಿಸಾಡಿ ಒಳಗೆ ಓಡಿದರು. ಡಬ್ಬಿಗಳು ಬೀಳುವ ಸದ್ದು ಕೇಳಿತು. ಮಾತ್ರೆಯ ಪಟ್ಟಿ ಮತ್ತು ಒಂದು ಚೊಂಬು ನೀರು ಹಿಡಿದು ಹೊರಗೆ ಬಂದು, ದೀಕ್ಷಾಳ ಗಲ್ಲ ಹಿಡಿದು, ಸಣ್ಣ ಮಗುವಿಗೆ ತಿನ್ನಿಸುವಂತೆ ಎರಡು ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಸಿದರು. ಅವಳು ನುಂಗುವವರೆಗೂ ಗಲ್ಲ ಬಿಡಲಿಲ್ಲ. ಅರ್ಧ ನೀರು ಅವಳ ರವಿಕೆಯ ಮೇಲೆ ಚೆಲ್ಲಿತು.

"ನಾಳೆ ಡಾಕ್ಟ್ರತ್ರ ಕರ್ಕಂಡ್ ಹೋಗ್" ಎಂದು ಅಮ್ಮ ನನ್ನ ಕಡೆ ನೋಡದೆ ಹೇಳಿದರು. "ಬೈಂದೂರಿಗೆ ಫೋನ್ ಮಾಡುಕೆ ಅಪ್ಪಯ್ಯಂಗೆ ಹೇಳ್ತೆ. ಈಗ ಕಾಯ್ಲಿ ಇತ್ತ್, ಹೇಳ್ದೆ ಇಪ್ಪುಕೆ ಆತಿಲ್ಲೆ. ಅವ್ರ್ ಬ್ಯಾಡ ಅಂದ್ರೂ, ಇವ್ಳಿಗೆ ಎಂತ ಆರೂ, ಎಲ್ಲ ನಿನ್ನ ತಲಿ ಮೇಲೆ. ತಿಳ್ಕೊ."

"ಆಯ್ತ್" ಎಂದೆ.

ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಸತ್ತ ಕೋಳಿಯನ್ನು ಹಿಡಿದುಕೊಂಡೇ ಜಗಲಿಯ ಮೆಟ್ಟಿಲ ಮೇಲೆ ಕೂತೆ. ಹಿಂದಿನ ದಿನದಿಂದ ಮೊದಲ ಸಲ ಕೂತದ್ದು. ದೀಕ್ಷಾ ಬಂದು ಪಕ್ಕದಲ್ಲಿ ಕೂತು, ಮುಂಗೈಯಲ್ಲಿ ಬಾಯಿ ಒರೆಸಿಕೊಂಡಳು.

"ಅಕ್ಕ, ಒಂದ್ ಕೇಂಬುದಾ?"

"ಕೇಳ್."

"ಕೋಳಿ ಪ್ರಾಣ ಹೋಪತ್ತಿಗೆ ನೀನ್ ಕೋಳಿ ಕಾಣ್ಲಿಲ್ಲೆ. ಅಮ್ಮನ್ನೂ ಕಾಣ್ಲಿಲ್ಲೆ. ನನ್ನ ಮುಖ ಕಂಡೆ. ಎಂತಕ್ಕೆ?"

ನಾನು ಸುಳ್ಳು ಹೇಳಬಹುದಿತ್ತು. ಚೀಲದಲ್ಲಿ ಮೂರು ಫೋಟೋ ಇದ್ದವು, ಕಪ್ಪು ಚುಕ್ಕಿ ಯಾವುದರದ್ದು ಎಂದು ಬೆರಳಿಟ್ಟು ಹೇಳಬಲ್ಲೆ. ಆದರೆ ಆ ರೆಕ್ಕೆ ನಿಂತ ಗಳಿಗೆಯಲ್ಲಿ, ಕಾಯಿಲೆ ಎದ್ದು ಬಂದು ಇವಳ ಮೈ ಹೊಕ್ಕಿತೇ ಎಂದು ನಾನು ನೋಡಿದ್ದೆ.

"ನಿಂಗೂ ಹೆದ್ರಿಕಿ ಆಯ್ತ್, ಅಲ್ದಾ?" ಎಂದಳು ದೀಕ್ಷಾ.

"ಹೌದ್" ಎಂದೆ. "ಆಯ್ತ್."